ಯಂತ್ರಕ್ಕೆ ಯಾವ ಮಾಧ್ಯಮ?

"ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಕಂಪ್ಯೂಟರ್ ಮೆಷೀನ್ ಮುಟ್ಟುವುದುಂಟೇ?" ಪ್ರತಿ ವರ್ಷ ಜೂನ್ ಬಂತೆಂದರೆ ಈ ಮಾತು ನಮ್ಮ ಕಿವಿಗೆ ಬೀಳುತ್ತದೆ. ನಮಗೆ ಪಾಲಕರು ಹೇಳುತ್ತಾರೆ, ಪಾಲಕರಿಗೆ ನೆಂಟರು ಹೇಳಿರುತ್ತಾರೆ, ನೆಂಟರಿಗೆ ಯಾರು ಹೇಳಿದರೋ ದೇವರೇ ಬಲ್ಲ! ಆಮೇಲೆ ದಾಖಲೆ ತೆಗೆದುಕೊಂಡು ಹೋಗಿ ಮಗುವನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಆ ಮಾತು ಶುದ್ಧ ಸುಳ್ಳು ಮಿತ್ರರೇ. ನಾವು ಇದನ್ನು ಬರೀ ಭಾಷಾಭಿಮಾನದಿಂದ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇವೆ.

ಸಾಂಗಲಿಯ ಪಕ್ಕ, ಕೃಷ್ಣೆಯ ದಡದ ಕಸಬೆ ಡಿಗ್ರಜದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆ. ಹಿತ್ತಿಲಲ್ಲೊಂದು ತಗಡಿನ ಶೆಡ್ಡು. ಏಳನೇ ಇಯತ್ತೆಯವರೆಗೆ ಕನ್ನಡದಲ್ಲೇ ಓದಿ ಆಮೇಲೆ ಐಟಿಐ ಮಾಡಿದವನು. ಕಾರ್ಖಾನೆಯೊಂದು ಭಂಗಾರಕ್ಕೆ ಹಾಕಿದ್ದ ಸಿಎನ್‌ಸಿ ಮಿಲ್ಲಿಂಗ್ ಮೆಷೀನನ್ನು ಕೆ.ಜಿ. ಲೆಕ್ಕದಲ್ಲಿ ಕೊಂಡು ತಂದ. 2005, 2019, 2021ರ ಮಹಾಪೂರ ಕಂಡ ನಮ್ಮ ಕಡೆ ಹಳೆಯ ಮೆಷೀನು ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ, "ಇದು ನೀರಲ್ಲಿ ಮುಳುಗಿತ್ತೇ?" ಎಂಬುದು. ಅದನ್ನು ವಿಚಾರಿಸಿಯೇ ತಂದಿದ್ದ. ರವಿವಾರಗಳಂದು ನಾವು ಒಂದಿಬ್ಬರು ಮಾಸ್ತರರು ಅಲ್ಲಿಗೆ ಹೋಗಿ ನೋಡುತ್ತಿದ್ದೆವು.

ಅಲ್ಲಿ ನಡೆದದ್ದೇನು? ಪೂರಾ ಗಣಿತ! ಮೇಜನ್ನು ಸರಿಸುವುದು ಬಾಲ್ ಸ್ಕ್ರೂ. ಅದು ಒಂದು ಸುತ್ತು ತಿರುಗಿದರೆ ಮೇಜು 10 ಮಿ.ಮೀ. ಸರಿಯುತ್ತದೆ. ಒಂದು ಸುತ್ತಿಗೆ ಮೋಟಾರು 2000 ಹೆಜ್ಜೆ ಇಟ್ಟರೆ ಒಂದು ಹೆಜ್ಜೆಗೆ ಎಷ್ಟು? 0.005 ಮಿ.ಮೀ. ನಾವು ಕರಿ ಹಲಗೆಯ ಮೇಲೆ ಕಲಿಸುವ ದಶಮಾಂಶ ಭಾಗಾಕಾರ ಇಷ್ಟೇ. ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗಿದರೂ ಮೇಜು ಕ್ಷಣ ಸುಮ್ಮನಿರುತ್ತದೆ. ಸವೆದ ಜಾಗದ ಆ ಸಡಿಲವನ್ನು ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ಡಯಲ್ ಗೇಜ್ ಇಟ್ಟು ಅದನ್ನು ಅಳೆಯಬೇಕು. ಜಾರುದಾರಿಗಳ ತುಕ್ಕು ತೆಗೆದು, ಎಣ್ಣೆಯ ನಳಿಕೆ ಬಿಡಿಸಿ, ಲೆವೆಲ್ ನೋಡಿ, ಯಾಂತ್ರಿಕ ಕೆಲಸ ಮುಗಿದ ಮೇಲೆಯೇ ವಿದ್ಯುತ್ತಿಗೆ ಕೈ ಹಾಕಬೇಕು.

ಆ ಮೆಷೀನಿನ ಎರಕದ ಮೈ ಗಟ್ಟಿಯಾಗಿತ್ತು. ಕೆಟ್ಟಿದ್ದದ್ದು ತಲೆ! ಹಳೆಯ ಕಂಟ್ರೋಲುಗಳಲ್ಲಿ ನೆನಪನ್ನು ಉಳಿಸುವುದು ಒಂದು ಸಣ್ಣ ಬ್ಯಾಟರಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು ಬ್ಯಾಟರಿ ಸತ್ತರೆ ಪ್ಯಾರಾಮೀಟರುಗಳೆಲ್ಲ ಅಳಿಸಿ ಹೋಗುತ್ತವೆ. ಮೊದಲೇ ಬರೆದಿಟ್ಟಿರದಿದ್ದರೆ ಗತಿಯಿಲ್ಲ. ಹುಡುಗ ಏನು ಮಾಡಿದ? ಹಳೆಯ ಕಂಟ್ರೋಲನ್ನು ಕಳಚಿ, ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶ ಹಾಕಿ, ಹೊಸ ಡ್ರೈವ್ ಜೋಡಿಸಿದ. ಈಗ ಅದು ಲೋಹ ಕೊರೆಯುತ್ತದೆ.

ಇನ್ನು ಆ ಭಯಂಕರ "ಮೆಷೀನಿನ ಭಾಷೆ"ಯ ವಿಚಾರ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲ ಅಂಕಿ-ನಿಯಂತ್ರಿತ ಮಿಲ್ಲಿಂಗ್ ಮೆಷೀನನ್ನು ಪ್ರದರ್ಶಿಸಿದಾಗ ಅದಕ್ಕೆ ಆಜ್ಞೆ ಕೊಟ್ಟದ್ದು ತೂತು ಹೊಡೆದ ಕಾಗದದ ಪಟ್ಟಿ. ತೂತಿಗೆ ಯಾವ ಮಾಧ್ಯಮ ಸ್ವಾಮಿ? ಇಂದಿನ ಜಿ-ಕೋಡ್ ಕೂಡ ಅಕ್ಷರ ಮತ್ತು ಅಂಕಿಗಳ ಜೋಡಿ. ಜಿ00 ಅಂದರೆ ಬೇಗ ಸರಿ, ಜಿ01 ಅಂದರೆ ಕೊರೆಯುತ್ತ ನೇರ ಹೋಗು, ಎಂ03 ಅಂದರೆ ಸ್ಪಿಂಡಲ್ ತಿರುಗಿಸು. ಎಕ್ಸ್, ವೈ, ಝಡ್ ಎಂದರೆ ಹೈಸ್ಕೂಲಿನ ನಿರ್ದೇಶಾಂಕ ಪಾಠ. ಅಲಾರಂ, ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿರುತ್ತವೆ, ನಿಜ. ಕರೆಂಟ್ ತೆಗೆದ ಮೇಲೂ ಡ್ರೈವಿನೊಳಗೆ ಕೆಲ ಹೊತ್ತು ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ ಎಂಬ ಫಲಕ ಓದಲು ಬರಬೇಕು. ಅದಕ್ಕೆ ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸೋಣ. ಇಷ್ಟಕ್ಕೆ ಇಡೀ ಶಾಲೆಯನ್ನೇ ಬದಲಿಸಬೇಕೇ?

ನಮ್ಮ ಜಿಲ್ಲೆಯ ಕಿರ್ಲೋಸ್ಕರವಾಡಿಯನ್ನೇ ನೋಡಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ. ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು, ಬಣ್ಣಗಳ ಭೇದ ಸರಿಯಾಗಿ ಕಾಣದೆ ಯಂತ್ರಗಳ ರೇಖಾಚಿತ್ರಕ್ಕೆ ತಿರುಗಿದರು. ಮಾಸ್ತರಿಕೆಯನ್ನೂ ಮಾಡಿದರು! ಬೆಳಗಾವಿಯ ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ ಬಂದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ಹೆದರಿ ಮೊದಮೊದಲು ರೈತರು ಅದನ್ನು ಕೊಳ್ಳಲಿಲ್ಲ. 1910ರಲ್ಲಿ ಕುಂಡಲ ರೋಡಿನ ಬರಡು ನೆಲದಲ್ಲಿ ಕಾರ್ಖಾನೆ ಎದ್ದಿತು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಶುರುವಾಗಿ ಲೇತ್ ತಯಾರಿಸಿತು. ಕಬ್ಬಿಣ ಗಡಿಯನ್ನೂ ಕೇಳಲಿಲ್ಲ, ಮನೆಮಾತನ್ನೂ ಕೇಳಲಿಲ್ಲ. ಅಂದಿನ ರೈತರ ಭಯವೂ ಇಂದಿನ ಪಾಲಕರ ಭಯವೂ ಒಂದೇ ಜಾತಿಯವು.

ಆದರೆ ಪಾಲಕರನ್ನಷ್ಟೇ ಬೈದು ಏನು ಫಲ? ರಾಜ್ಯೋತ್ಸವದಂದು ಗಡಿನಾಡಿಗೆ ಬಂದು ಶಾಲು ಹೊದಿಸಿ ಹೋಗುವ ಮಹನೀಯರನ್ನೂ ಕೇಳುತ್ತೇವೆ. 1953ರಲ್ಲಿ ಎಚ್ಎಂಟಿ ಸ್ಥಾಪನೆಯಾಗಿ ಯಂತ್ರ ತಯಾರಿಸಿದ ನಾಡು ಕರ್ನಾಟಕ. ಮೆಷೀನು ರಿಪೇರಿಯ ಬಗ್ಗೆ ನಮ್ಮ ಶಾಲೆಯ ಕಪಾಟಿಗೆ ಒಂದು ಕನ್ನಡ ಪುಸ್ತಕ ತಂದುಕೊಟ್ಟಿರೇ? ಶಿಕ್ಷಣ ಇಲಾಖೆಯವರನ್ನೂ ಕೇಳುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ 10 ದಿನ ಪಾಟೀಚೀಲವಿಲ್ಲದೆ ಕಸುಬು ಕಲಿಯಲು ಹೇಳಿದೆ. ಕನ್ನಡ ಶಾಲೆಯ ಮಕ್ಕಳನ್ನು ಕುಪವಾಡದ, ಮಿರಜದ ಶೆಡ್ಡುಗಳಿಗೆ ಕರೆದೊಯ್ಯಲು ಏನಡ್ಡಿ?

ಮಕ್ಕಳು ಕಡಿಮೆಯಾದರೆಂದು ಕನ್ನಡ ಶಾಲೆಯನ್ನು ಭಂಗಾರದ ಲೆಕ್ಕದಲ್ಲಿ ತೂಗುವವರಿಗೆ ನಮ್ಮ ಮಾತು ಇಷ್ಟೇ. ಈ ಶಾಲೆಯ ಮೈ ಗಟ್ಟಿಯಾಗಿದೆ. ಮಗು ತನ್ನ ಮಾತಿನಲ್ಲಿ ಯೋಚಿಸುತ್ತದೆ, ಅದೇ ಆ ಎರಕದ ಮೈ. ಹಳತಾಗಿರುವುದು ಪ್ರಯೋಗಾಲಯ, ಉಪಕರಣ, ಪುಸ್ತಕ. ಅವನ್ನು ಬದಲಿಸಿ. ಪಾಲಕರೇ, ನೀವೂ ಮುಂದಿನ ಜೂನ್‌ನಲ್ಲಿ ದಾಖಲೆ ತೆಗೆಯುವ ಮುನ್ನ ಒಮ್ಮೆ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಗೆ ಬನ್ನಿ. ಒಂದು ವೈಸ್, ಒಂದು ವರ್ನಿಯರ್, ಒಂದು ಡಯಲ್ ಗೇಜ್ ಬೇಕೆಂದು ಗಟ್ಟಿಯಾಗಿ ಕೇಳಿ. ಕಲಿಸಲು ನಾವಿದ್ದೇವೆ.