ಮಳೆಗಾಲಕ್ಕೆ ಮುನ್ನ ಅವರ ಹೆಸರು ಬರೆದುಕೊಳ್ಳಿ

2009ರ ಅಕ್ಟೋಬರ್ 2ರಂದು ಕಾರವಾರ ತಾಲ್ಲೂಕಿನ ಶಿರವಾಡದ ನೆರೆಯ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಮಣ್ಣಿನಡಿ ಪ್ರಾಣ ಬಿಟ್ಟರು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಇಳಿಯಿತು. ಅದಾಗಿ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕೋಡಿಬಾಗ–ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು.

ಇಂಥ ಹೊತ್ತಿನಲ್ಲಿ ಮೊದಲು ಓಡಿ ಬರುವವರು ಸುತ್ತಲಿನ ಊರಿನವರೇ. ಕಾಳಿ ನದಿಯಲ್ಲಿ ಲಾರಿಯ ಮೇಲೆ ಹತ್ತಿ ನಿಂತಿದ್ದ ಚಾಲಕನನ್ನು ಆ ಕತ್ತಲಲ್ಲಿ ಪೊಲೀಸರೊಂದಿಗೆ ಸೇರಿ ದಡಕ್ಕೆ ತಂದವರು ಸ್ಥಳೀಯ ಮೀನುಗಾರರು. ಕೂರ್ಮಗಡದ ಬಳಿ ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಮೀನುಗಾರರ ದೋಣಿಗಳು ನುಗ್ಗಿದವು. ಶಿರೂರಿನಲ್ಲಿ ನೌಕಾಪಡೆಯ ಮುಳುಗುಗಾರರಿಗೇ ಇಳಿಯಲು ಕಷ್ಟವಾಗಿದ್ದ ಸೆಳೆತದಲ್ಲಿ ಮಲ್ಪೆಯ ಈಶ್ವರ ಮಲ್ಪೆ ಮತ್ತು ಸಂಗಡಿಗರು ಸ್ವಯಂಪ್ರೇರಿತರಾಗಿ ಮುಳುಗಿ ಹುಡುಕಿದರು. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಹಸಿ ಸೊಪ್ಪಿನ ಟೊಂಗೆ ಮುರಿದುಕೊಂಡು ಬಡಿಯಲು ನಿಲ್ಲುವವರೂ ಊರಿನವರೇ. ಅಗ್ನಿಶಾಮಕ ವಾಹನಕ್ಕೆ ಆ ಬೆಟ್ಟ ಹತ್ತುವ ದಾರಿಯಿರುವುದಿಲ್ಲ.

ಈ ಜನ ಯಾವಾಗಲೂ ಇದ್ದೇ ಇರುತ್ತಾರೆ ಎಂದು ಉತ್ತರ ಕನ್ನಡ ಜಿಲ್ಲೆಯ ಆಡಳಿತ ನಂಬಿಕೊಂಡಿದೆ. ಆ ನಂಬಿಕೆ ಅಪಾಯಕಾರಿ ಎಂದು ಈಗಲೇ ಎಚ್ಚರಿಸಬೇಕಾಗಿದೆ.

ಕಾರವಾರದ ರೈಲು ನಿಲ್ದಾಣ ಇರುವುದೇ ಶಿರವಾಡದಲ್ಲಿ. ಸುತ್ತಲಿನ ಯುವಕರು ಕೆಲಸಕ್ಕೆಂದು ಗೋವೆಯ ಕಡೆ ಹೋಗುವುದು ಇಲ್ಲಿ ಹೊಸದಲ್ಲ. ಹಗಲು ಹೊತ್ತಿನಲ್ಲಿ ಗುಡ್ಡ ಜರಿದರೆ ಹಾರೆ, ಪಿಕಾಸಿ ಹಿಡಿಯುವ ಎಷ್ಟು ಕೈಗಳು ಊರಲ್ಲಿ ಉಳಿದಿರುತ್ತವೆ? ಇನ್ನು ಮೀನುಗಾರರ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿ ನಿಲ್ಲುತ್ತವೆ, ಮನೆಗೆ ದುಡಿಮೆ ಬರುವುದಿಲ್ಲ. ನೆರೆ, ಗುಡ್ಡ ಕುಸಿತಗಳ ಕಾಲವೂ ಅದೇ. ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲೇ ಅವರನ್ನು ನದಿಗಿಳಿಯಲು ಕರೆಯುತ್ತೇವೆ.

ಕರೆದ ಮೇಲೆ ನಾವು ಕೊಡುವುದೇನು? ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ರಕ್ಷಣಾ ಕಾರ್ಯದಲ್ಲಿ ತೊಡಗಿ ಸತ್ತವರ ಕುಟುಂಬಕ್ಕೂ 4 ಲಕ್ಷ ರೂಪಾಯಿ ಪರಿಹಾರವಿದೆ. ಜೀವಂತವಾಗಿ ಮರಳಿದವನು ಸುಟ್ಟ ಡೀಸೆಲ್, ಕಳೆದುಕೊಂಡ ಹಗ್ಗ, ಬಿಟ್ಟ ಕೂಲಿಯ ಲೆಕ್ಕ ಕೇಳುವವರಿಲ್ಲ. ಒಂದು ಶಾಲು, ಒಂದು ಪ್ರಮಾಣಪತ್ರ, ಪತ್ರಿಕೆಯಲ್ಲೊಂದು ಚಿತ್ರ. ಅಲ್ಲಿಗೆ ಮುಗಿಯಿತು.

ಬೇರೆ ಕಡೆ ಏನು ಮಾಡಿದ್ದಾರೆ ನೋಡೋಣ. ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಸಂಖ್ಯೆ ಇಳಿಯುತ್ತಿರುವುದನ್ನು ಕಂಡು ನ್ಯೂಯಾರ್ಕ್ ರಾಜ್ಯ 2022ರ ಕೊನೆಯಲ್ಲಿ ಕಾನೂನು ತಂದಿತು. ಸ್ವಯಂಸೇವಕ ಅಗ್ನಿಶಾಮಕರು ಮತ್ತು ಆಂಬುಲೆನ್ಸ್ ಸಿಬ್ಬಂದಿಯ ವಾಸದ ಮನೆಗೆ, ತೆರಿಗೆಗೆ ಹಿಡಿಯುವ ಮೌಲ್ಯದಲ್ಲಿ ಶೇ 10ರವರೆಗೆ ವಿನಾಯಿತಿ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅದು ಅಧಿಕಾರ ನೀಡಿತು. ನಮ್ಮಲ್ಲೂ ಇದಕ್ಕೆ ಮೇಲ್ಪಂಕ್ತಿ ಇದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮಾಜಿ ಸೈನಿಕರು ವಾಸಿಸುವ ಸ್ವಂತ ಮನೆಯ ತೆರಿಗೆಯಲ್ಲಿ ಶೇ 50 ವಿನಾಯಿತಿ ಉಂಟು. ಗಡಿ ಕಾದವರಿಗೆ ಸಂದ ಈ ಅರ್ಧ ತೆರಿಗೆಯ ಗೌರವವನ್ನು ನದಿ, ಗುಡ್ಡ ಕಾಯುವವರಿಗೂ ಸಲ್ಲಿಸುವುದು ನ್ಯಾಯ.

ಹಳ್ಳಿಯ ಮನೆ ತೆರಿಗೆ ಎಷ್ಟಿರುತ್ತದೆ, ಅದರಲ್ಲಿ ಅರ್ಧ ಬಿಟ್ಟರೆ ಯಾರಿಗೆ ಏನು ಸಿಕ್ಕೀತು ಎಂದು ಕೇಳುವವರಿದ್ದಾರೆ. ನಿಜ, ಆ ಹಣಕ್ಕಾಗಿ ಯಾರೂ ಗಂಗಾವಳಿಗೆ ಧುಮುಕುವುದಿಲ್ಲ. ಆದರೆ ವಿನಾಯಿತಿ ಕೊಡಬೇಕೆಂದರೆ ಪಂಚಾಯಿತಿ ಮೊದಲು ಹೆಸರು ಬರೆದುಕೊಳ್ಳಬೇಕು. ಯಾರಿಗೆ ಈಜು ಬರುತ್ತದೆ, ಯಾರ ಪಾತಿ ದೋಣಿ ನದಿಯ ಯಾವ ದಡದಲ್ಲಿದೆ, ಮರ ಕೊಯ್ಯುವ ಯಂತ್ರ ಯಾರ ಮನೆಯಲ್ಲಿದೆ, ರಕ್ತ ಸೋರುವುದನ್ನು ತಡೆಯಲು ಕಲಿತವರು ಯಾರು, ರಾತ್ರಿ ಒಂದು ಗಂಟೆಗೆ ಯಾರು ಫೋನ್ ಎತ್ತುತ್ತಾರೆ ಎಂಬ ಪಟ್ಟಿ ತಯಾರಾಗಬೇಕು. ಪ್ರತಿ ವರ್ಷ ವಿನಾಯಿತಿ ನವೀಕರಿಸುವಾಗ ಆ ಪಟ್ಟಿಯೂ ಹೊಸದಾಗುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ 500 ಕಿ.ಮೀ.ಗೂ ಹೆಚ್ಚು ದೂರ. ಹೆದ್ದಾರಿ 66 ಮುಚ್ಚಿ ಘಾಟಿಗಳೂ ಬಂದ್ ಆದ ದಿನ ನಮ್ಮನ್ನು ಉಳಿಸುವುದು ಆ ಪಟ್ಟಿಯೇ.

ಆದರೆ ಅವಸರದಲ್ಲಿ ಆದೇಶ ಹೊರಡಿಸಿದರೆ ನಿಜವಾದ ಅರ್ಹರೇ ಹೊರಗುಳಿಯುತ್ತಾರೆ. ಈ ಭಾಗದಲ್ಲಿ ಎಷ್ಟೋ ಮನೆಗಳ ಖಾತೆ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಎಷ್ಟೋ ಮೀನುಗಾರರ, ಅರಣ್ಯ ಅತಿಕ್ರಮಣ ಜಾಗದಲ್ಲಿರುವವರ ಮನೆಗೆ ಸರಿಯಾದ ದಾಖಲೆಯೇ ಇಲ್ಲ. ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9, 11 ತಂದವರಿಗೆ ಮಾತ್ರ ಎಂದರೆ ಈಜುವವನಿಗೆ ಏನೂ ದಕ್ಕುವುದಿಲ್ಲ. ಆದ್ದರಿಂದ ವಿನಾಯಿತಿ ಸ್ವಯಂಸೇವಕ ವಾಸಿಸುವ ಮನೆಗೆ ಸಲ್ಲಬೇಕು, ಖಾತೆ ಯಾರ ಹೆಸರಲ್ಲಾದರೂ ಇರಲಿ. ತೆರಿಗೆಯ ಪಟ್ಟಿಯಲ್ಲೇ ಇಲ್ಲದವರಿಗೆ, ಬಾಡಿಗೆದಾರರಿಗೆ ಅಷ್ಟೇ ಮೊತ್ತದ ಗೌರವಧನ ಸಿಗಬೇಕು.

ಇನ್ನೊಂದು ಮಾತು. ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಡಿ ವಸೂಲಾಗುವ ಮನೆ ತೆರಿಗೆ ಗ್ರಾಮ ಪಂಚಾಯಿತಿಯ ಸ್ವಂತ ಆದಾಯ. ಬೀದಿದೀಪ, ಕುಡಿಯುವ ನೀರಿಗೆ ಇದೇ ಆಧಾರ. ಬಿಟ್ಟ ತೆರಿಗೆಯನ್ನು ಸರ್ಕಾರವೇ ಪಂಚಾಯಿತಿಗೆ ತುಂಬಿಕೊಡಬೇಕು. ಇಲ್ಲದಿದ್ದರೆ ಅಪಾಯದ ಗುಡ್ಡದಡಿ ಇರುವ, ಹೆಚ್ಚು ಸ್ವಯಂಸೇವಕರಿರುವ ಬಡ ಪಂಚಾಯಿತಿಗೇ ಹೆಚ್ಚು ಹೊರೆ ಬೀಳುತ್ತದೆ.

ಹಾಗೆಯೇ ಹೆಸರು ಬರೆಸಿದವರೆಲ್ಲ ಫಲಾನುಭವಿಗಳಾಗಬಾರದು. ಅಗ್ನಿಶಾಮಕ ಠಾಣೆಯಲ್ಲಿ ತರಬೇತಿ, ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಥಮ ಚಿಕಿತ್ಸೆಯ ಪಾಠ, ವರ್ಷದಲ್ಲಿ ಕರೆದಾಗ ಬಂದ ದಾಖಲೆ, ಇಷ್ಟನ್ನು ತಹಶೀಲ್ದಾರರು ದೃಢೀಕರಿಸಿದರೆ ಸಾಕು. ರಾಜಕೀಯ ಶಿಫಾರಸಿಗೆ ಇಲ್ಲಿ ಜಾಗವಿರಕೂಡದು.

ತೆರಿಗೆ ವಿನಾಯಿತಿಗೆ ಸರ್ಕಾರಿ ಆದೇಶ ಬೇಕು, ಅದಕ್ಕೆ ಸಮಯ ಹಿಡಿಯಬಹುದು. ಪಟ್ಟಿಗೆ ಮತ್ತು ಅದರಲ್ಲಿರುವವರ ವಿಮೆಗೆ ಕಾಯಬೇಕಾಗಿಲ್ಲ. ಶಿರವಾಡ, ಕಡವಾಡದಿಂದ ಹಿಡಿದು ಗಂಗಾವಳಿ ದಡದ ಪಂಚಾಯಿತಿಗಳವರೆಗೆ ಪ್ರತಿಯೊಂದೂ ಗ್ರಾಮಸಭೆ ಕರೆದು ವಿನಾಯಿತಿ ಕೋರುವ ನಿರ್ಣಯ ಅಂಗೀಕರಿಸಲಿ, ಹೆಸರುಗಳನ್ನು ಬರೆದುಕೊಳ್ಳಲಿ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜೂನ್ 1ರೊಳಗೆ ವಿಮೆ ಮಾಡಿಸಲಿ. ಮತ್ತೊಂದು ಗುಡ್ಡ ಜರಿದ ಮೇಲೆ ಈ ಕೆಲಸಕ್ಕೆ ಕೂತರೆ, ಕರೆದರೂ ಬರುವವರಿಲ್ಲದ ದಿನವನ್ನು ನಾವೇ ತಂದುಕೊಂಡಂತೆ.