ಹಳೆಯ ರಿವಾಲ್ವರು: ಒಂದು ಗುಂಡು ಹಾರಿದರೆ ಸಾಕೆ?

ಬೀದರ ಕೋಟೆಯ ಬುರುಜುಗಳ ಮೇಲಿರುವ ಬೃಹತ್ ತೋಪುಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಬ್ಬಿಣದ ಪಟ್ಟಿಗಳನ್ನು ಬೆಸೆದು, ಮೇಲೆ ಬಳೆಗಳನ್ನು ಬಿಗಿದು ಕಟ್ಟಿದ ಆ ನಳಿಗೆಗಳಿಗೆ ಇಂದು ಮದ್ದು ತುಂಬಿ ಬೆಂಕಿಯಿಡಲು ಯಾವನೂ ಮುಂದಾಗನು. ಆದರೆ ಬೀದರ, ಭಾಲ್ಕಿ, ಔರಾದಗಳ ಹಳೆಯ ಮನೆಯೊಂದರಲ್ಲಿ, 1948ಕ್ಕೆ ಹಿಂದೆ ನಿಜಾಮರ ಆಳ್ವಿಕೆಯಲ್ಲಿ ಕೊಂಡ ಅಜ್ಜನ ರಿವಾಲ್ವರು ಆಯುಧಪೂಜೆಗೆಂದು ಪೆಟ್ಟಿಗೆಯಿಂದ ಹೊರಬಂದರೆ ಈ ವಿವೇಕ ಮರೆತುಹೋಗುತ್ತದೆ. ಅದನ್ನು ಮರಕ್ಕೆ ಬಿಗಿದು, ದೂರದಿಂದ ದಾರವೆಳೆದು, “ಸಿಡಿಯಲಿಲ್ಲ, ಆದುದರಿಂದ ಗಟ್ಟಿಯಾಗಿದೆ” ಎನ್ನುವವರುಂಟು. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಈ ತರ್ಕ ಸಮ್ಮತವಲ್ಲ.

ರಿವಾಲ್ವರಿನ ಉರುಳೆಯಲ್ಲಿ ಸಾಮಾನ್ಯವಾಗಿ ಆರು ಕೋಷ್ಠಗಳಿರುವುವಷ್ಟೆ. ದಾರವೆಳೆದವನು ಪರೀಕ್ಷಿಸಿದ್ದು ಒಂದನ್ನು ಮಾತ್ರ. ಉಳಿದ ಐದೂ ನಳಿಗೆಯ ಬಾಯಿಗೆ ನೇರವಾಗಿ ಬಂದು ನಿಲ್ಲುವುವೆ? ಉರುಳೆಯ ಬೀಗ ಸವೆದು ಕೋಷ್ಠವು ಓರೆಯಾಗಿ ನಿಂತರೆ, ಗುಂಡಿನ ಸೀಸ ಕೆತ್ತಿಹೋಗಿ ಸಂದಿನಿಂದ ಪಕ್ಕಕ್ಕೆ ಚಿಮ್ಮುವುದು.

ಇನ್ನು ಒತ್ತಡದ ಮಾತು. 1887ರಲ್ಲಿ ಬ್ರಿಟಿಷ್ ಸೈನ್ಯವು ಅಂಗೀಕರಿಸಿದ ವೆಬ್ಲೆ ರಿವಾಲ್ವರಿನ ಗುಂಡಿನ ವ್ಯಾಸ ಸುಮಾರು 11.5 ಮಿಲಿಮೀಟರು, ಅಡ್ಡಕೊಯ್ತದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿಗೆ ತುಸು ಹೆಚ್ಚು. ಎಂದರೆ ಪ್ರತಿ ನೂರು ವಾಯುಮಂಡಲದ ಒತ್ತಡಕ್ಕೆ ತೋಟೆಯ ಹಿಂಬದಿಯ ಮೇಲೆ ಒಂದು ಕ್ವಿಂಟಲಿಗೂ ಮಿಕ್ಕ ಭಾರ ಬೀಳುವುದು; ಏಳುವ ಒತ್ತಡವಾದರೋ ಹಲವು ನೂರು ವಾಯುಮಂಡಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಇಂಥ ಅನೇಕ ವೆಬ್ಲೆಗಳ ಉರುಳೆಯನ್ನು ಅರೆದು, .45 ಪಿಸ್ತೂಲಿನ ತೋಟೆ ಹಿಡಿಯುವಂತೆ ಮಾಡಿ ಮಾರಿದರು. ಆ ತೋಟೆಯ ಒತ್ತಡ ಮೂಲ ತೋಟೆಯ ಒಂದೂವರೆ ಪಟ್ಟಿಗೂ ಅಧಿಕ! ತೋಟೆ ಒಳಹೊಕ್ಕಿತೆಂದ ಮಾತ್ರಕ್ಕೆ ಅದು ಆ ಆಯುಧಕ್ಕೆ ತಕ್ಕದ್ದೆಂದು ತಿಳಿಯಲಾಗದು.

ಉಕ್ಕಿನಲ್ಲಿ ಸೂಕ್ಷ್ಮವಾದ ಬಿರುಕಿದ್ದರೆ ಪ್ರತಿ ಹೊಡೆತವೂ ಅದನ್ನು ಇನ್ನಷ್ಟು ಮುಂದೂಡಬಲ್ಲದು. ಹತ್ತನೆಯ ಗುಂಡನ್ನು ತಾಳಿದ್ದು ಹನ್ನೊಂದನೆಯದಕ್ಕೆ ಜಾಮೀನಲ್ಲ. (1460ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನು ಸತ್ತದ್ದು ಶತ್ರುವಿನ ಗುಂಡಿನಿಂದಲ್ಲ, ಪಕ್ಕದಲ್ಲಿ ಸಿಡಿದ ತನ್ನದೇ ತೋಪಿನಿಂದ.) ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಸ್ಥಾಪಿತವಾದ ಪರೀಕ್ಷಾಲಯದಲ್ಲಿ ವಾಡಿಕೆಗಿಂತ ಬಲವಾದ ಮದ್ದಿನಿಂದ ಹಾರಿಸಿ, ಅನಂತರ ಭಾಗಗಳನ್ನು ಪರಿಶೀಲಿಸಿ, ಆಮೇಲೆ ಮುದ್ರೆಯೊತ್ತುವರು. ಆ ಮುದ್ರೆಯೂ ಅಂದಿನ ಸ್ಥಿತಿಗೆ ಸಾಕ್ಷಿ. ಮುಂದಿನ ಎಂಬತ್ತು ವರ್ಷಗಳ ತುಕ್ಕಿಗಲ್ಲ.

ಗುರಿಯ ಪ್ರಶ್ನೆಯೇ ಬೇರೆ. ಸಿಡಿಯದ ರಿವಾಲ್ವರು ಗುರಿ ತಪ್ಪಲೂಬಹುದು. ನಳಿಗೆಯೊಳಗಿನ ಸುರುಳಿಗೆರೆಗಳು ಸವೆದರೆ ಗುಂಡು ಸರಿಯಾಗಿ ತಿರುಗದೆ ತೊನೆದಾಡಿ, ಕಾಗದದ ಗುರಿಯಲ್ಲಿ ದುಂಡು ತೂತಿನ ಬದಲು ಉದ್ದನೆಯ ತೂತು ಮಾಡುವುದು. ಆಯುಧವನ್ನು ಭದ್ರವಾಗಿ ಆನಿಸಿ ಕೋಷ್ಠಕ್ಕೊಂದರಂತೆ ಹಾರಿಸದ ಹೊರತು, ದೋಷ ಕೈಯದೋ ಕಬ್ಬಿಣದ್ದೋ ತಿಳಿಯದು.

1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ, ದುರಸ್ತಿಯ ಕಸುಬಿಗಷ್ಟೇ ಅಲ್ಲ, ಕೋವಿಗಳನ್ನು ಪರೀಕ್ಷಿಸುವುದಕ್ಕೂ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಕೈಗೆ ಬಂದ ಆಯುಧವನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಇಡತಕ್ಕದ್ದು. ಪರಿಣತನು ಕೊಡುವ ವರದಿಯಲ್ಲಿ “ಸರಿಯಿದೆ” ಎಂಬ ಒಂದೇ ಮಾತಿಗೆ ಬದಲಾಗಿ ಆರೂ ಕೋಷ್ಠಗಳ ಅಳತೆ ಪ್ರತ್ಯೇಕವಾಗಿರಬೇಕೆಂಬುದು ನನ್ನ ಅಭಿಪ್ರಾಯ. ಜೊತೆಯಲ್ಲಿ ಸಿಕ್ಕ ಹಳೆಯ ತೋಟೆಗಳನ್ನೂ ಒಪ್ಪಿಸಬೇಕು. ಮದ್ದು ಕೆಟ್ಟ ತೋಟೆಯ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುವುದುಂಟು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ಹೊಸ ರಿವಾಲ್ವರೂ ಸಿಡಿದೀತು.