ನೀಲಿಯಿಲ್ಲದ ನೀಲನಕ್ಷೆ

ನಮ್ಮ ಸುಬ್ರಹ್ಮಣ್ಯಪುರದಲ್ಲಿ ಮನೆ ಕಟ್ಟಿಸುವವರಿಗೆ ಬರಗಾಲವಿಲ್ಲ. ಈ ಸಲ ನನ್ನ ಭಾವಮೈದುನನೂ ಆ ಸಾಹಸಕ್ಕಿಳಿದನು. ಮೂವತ್ತು ನಲವತ್ತರ ನಿವೇಶನ. ನಕ್ಷೆಯ ಪ್ರತಿ ತೆಗೆಸಿಕೊಂಡು ಬರುವ ಹೊಣೆ ಕನ್ನಡ ಎಂ.ಎ. ಆದ ನನ್ನ ಪಾಲಿಗೆ ಬಂದಿತು.

“ದೊಡ್ಡ ಹಾಳೆಗೆ ದುಡ್ಡು ಜಾಸ್ತಿ. ಚಿಕ್ಕದರಲ್ಲೇ ಹಿಡಿಸಿಕೊಡಲೇ, ಸಾರ್?” ಎಂದನು ಅಂಗಡಿಯ ಹುಡುಗ. ಮಿತವ್ಯಯದ ಮಾತಿಗೆ ನಾನು ಬೇಗ ಸೋಲುವವನು, ಒಪ್ಪಿದೆ. ಅಂಕಿಗಳು ಇರುವೆಸಾಲಿನಂತೆ ಕುಗ್ಗಿದ್ದುದರಿಂದ ಮೇಸ್ತ್ರಿಯು ಅಳತೆಪಟ್ಟಿಯನ್ನಿಟ್ಟು ನೋಡಿ, “ಮೇಷ್ಟ್ರೇ, ಹತ್ತಡಿ ಕೋಣೆ ಇದರಲ್ಲಿ ಏಳಡಿ ಆಗಿದೆಯಲ್ಲ! ಮಂಚ ಎಲ್ಲಿ ಹಾಕೋದು?” ಎಂದನು.

ತಪ್ಪು ಯಂತ್ರದ್ದಲ್ಲ, ನನ್ನದು. ನಕ್ಷೆಯು ಚಿತ್ರವೆಂದೇ ನಾನು ಬಗೆದಿದ್ದೆ, ಅದು ಅಳತೆ. 1:100ರ ಪ್ರಮಾಣವೆಂದರೆ ನೆಲದ 1 ಮೀಟರು ಕಾಗದದಲ್ಲಿ 10 ಮಿಲಿಮೀಟರು. 594 × 841 ಮಿಲಿಮೀಟರಿನ ಎ1 ಹಾಳೆಯ ನಕ್ಷೆಯನ್ನು ಅದರರ್ಧದ ಎ2 ಹಾಳೆಗೆ ಇಳಿಸಿದರೆ ಪ್ರತಿಯೊಂದು ಗೆರೆಯೂ ನೂರಕ್ಕೆ ಸುಮಾರು ಎಪ್ಪತ್ತೊಂದಾಗುತ್ತದೆ, ಪ್ರಮಾಣ 1:141. ಮೂಲೆಯಲ್ಲಿ ‘1:100’ ಎಂಬ ಬರೆಹವು ಮಾತ್ರ ಕದಲದೆ ನಿಂತು ಸುಳ್ಳು ಸಾಕ್ಷಿ ನುಡಿಯುತ್ತದೆ! ಆ ದೊಡ್ಡ ಯಂತ್ರವಿರುವುದೇ ಈ ಕುಗ್ಗುವಿಕೆಯನ್ನು ತಪ್ಪಿಸಲು. 24 ಅಂಗುಲ ಅಗಲದ ಸುರುಳಿಗೆ ಎ1 ಹಿಡಿಸುತ್ತದೆ, 36 ಅಂಗುಲದ್ದಕ್ಕೆ ಎ0. ಕಾಗದವು ಮೆಲ್ಲನೆ ಮುಂದೆ ಸರಿಯುತ್ತಿರಲು, ಶಾಯಿಯ ತಲೆಯು ಮಗ್ಗದ ಲಾಳಿಯಂತೆ ಅತ್ತಿತ್ತ ಓಡುತ್ತದೆ.

ಹಿಂದೆ ಈ ಕೆಲಸ ಸೂರ್ಯನದಾಗಿತ್ತು. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ಉಪಾಯವಿದು: ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಪಾರದರ್ಶಕ ನಕ್ಷೆಯನ್ನು ಹಾಸಿ, ಬಿಸಿಲಿಗಿಟ್ಟು, ನೀರಿನಲ್ಲಿ ತೊಳೆದರೆ ಬೆಳಕು ಬಿದ್ದೆಡೆಯೆಲ್ಲ ನೀಲಿ, ಗೆರೆಯ ನೆರಳಿದ್ದೆಡೆ ಬಿಳಿ. ತೊಯ್ದು ಒಣಗಿದ ಕಾಗದ ತುಸು ಸೊಟ್ಟಗಾಗುತ್ತಿತ್ತು. ಪಟ್ಟಿಯಿಂದ ಅಳೆಯಬೇಡಿ, ಬರೆದ ಅಂಕಿಯನ್ನೇ ನಂಬಿ ಎಂದು ಇಂದಿಗೂ ನಕ್ಷೆಗಳ ಮೇಲೆ ಬರೆಯುವುದುಂಟು. ನೀಲಿ ಹೋಯಿತು, ‘ನೀಲನಕ್ಷೆ ಸಿದ್ಧ’ ಎಂಬ ಪತ್ರಿಕೆಗಳ ತಲೆಬರೆಹದಲ್ಲಿ ಹೆಸರು ಉಳಿದಿದೆ.

ಮರುದಿನ ಮತ್ತೆ ಅಂಗಡಿಗೆ ಹೋದೆ. “ನೂರಕ್ಕೆ ನೂರು, ಹಿಡಿಸುವುದು ಗಿಡಿಸುವುದು ಬೇಡಪ್ಪ” ಎಂದೆ. ಹಾಳೆ ಹೊರಬಂದೊಡನೆ ಮಗಳ ಕಂಪಾಸಿನ ಡಬ್ಬಿಯಿಂದ ತಂದಿದ್ದ ಪಟ್ಟಿಯನ್ನು ನಿವೇಶನದ ಮೂವತ್ತಡಿಯ ಗೆರೆಯ ಮೇಲಿಟ್ಟೆ. 91 ಮಿಲಿಮೀಟರು ದಾಟಿ ಕೂದಲೆಳೆಯಷ್ಟು ಮುಂದಿತ್ತು. ಹಣ ಕೊಟ್ಟೆ.